ನವಮಿಯಂದು ನಿಂತ ಗಾಡಿ

ದಾವಣಗೆರೆ, ಕ್ರಿ.ಶ. 2191
ಆಶ್ವಯುಜ ಶುದ್ಧ ನವಮಿ, ಮಧ್ಯಾಹ್ನ ಮೂರೂವರೆ

ಮುತ್ತಜ್ಜಿಯ ಮುತ್ತಜ್ಜಿ ಪಂಕಜಾಕ್ಷಿಯವರಿಗೆ ಮಂದಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ತಿದ್ದಿ ಬರೆಯುವಷ್ಟು ವ್ಯವಧಾನ ಇವತ್ತು ನನಗಿಲ್ಲ. ನಿಮಗೆ ಇನ್ನೂ ಮದುವೆಯೇ ಆಗಿರದಿದ್ದರೆ, ಅಜ್ಜಿ ಎಂದದ್ದಕ್ಕೂ ಕ್ಷಮಿಸಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಾವು ಹಿನ್ನಂಚೆ ಎನ್ನುತ್ತೇವೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಹಾಳೆ. ನನ್ನ ಹಾಳೆ ಇದು.

ನಾನೂ ನಿಮ್ಮದೇ ಕೆಲಸದವಳು. ಯಾವ ಹಬ್ಬಕ್ಕೆ ಯಾವ ಸರಕು ಎಷ್ಟು ದಿನ ಮೊದಲು ಹೊರಡಬೇಕೆಂದು ನೀವು ಗೋದಾಮಿನ ಬೋರ್ಡಿನಲ್ಲಿ ಬರೆಯುತ್ತಿದ್ದಿರಲ್ಲ, ನಾನು ಅದನ್ನೇ ಇಡೀ ಜಿಲ್ಲೆಗೆ ಬರೆಯುತ್ತೇನೆ. ಅದರ ಹೆಸರು ಸರಕು ಪಂಚಾಂಗ. ಯುಗಾದಿಯ ಬೆಲ್ಲ ಹದಿನೈದು ದಿನ ಮುಂಚೆ. ರಂಜಾನಿಗೆ ಶಾವಿಗೆ, ಖರ್ಜೂರ. ಚಂದ್ರ ಕಾಣುವುದು ಒಂದು ದಿನ ಹೆಚ್ಚುಕಮ್ಮಿಯಾದೀತೆಂದು ಹಾಲು ಮಾತ್ರ ಎರಡು ದಿನಕ್ಕಾಗುವಷ್ಟು. ಗಾಡಿಗಳಿಗೆ ಡ್ರೈವರ್ ಇಲ್ಲ. ತಾವೇ ಹೊರಡುತ್ತವೆ, ತಾವೇ ಇಳಿಸುತ್ತವೆ. ಮಂಡಕ್ಕಿ ಮೂಟೆ ಬಂದರೆ ಮಾತ್ರ ಇನ್ನೂ ಜನವೇ ಓಡಿಬಂದು ಹೊರುತ್ತಾರೆ, ದಾವಣಗೆರೆ ಅಲ್ಲವೆ.

ಆದರೆ ಆಯುಧಪೂಜೆಗೆ ನವಮಿ ತಿಥಿ ಶುರುವಾದ ಕ್ಷಣ ಎಲ್ಲ ಗಾಡಿಗಳೂ ಇದ್ದಲ್ಲೇ ನಿಂತು ಬಾಗಿಲು ಮುಚ್ಚಿಕೊಳ್ಳುತ್ತವೆ. ತಿಥಿ ಕಳೆಯುವವರೆಗೆ ಯಾರ ಮಾತೂ ಕೇಳುವುದಿಲ್ಲ. ಇದನ್ನು ಅವಕ್ಕೆ ಕಲಿಸಿದವರು ನೀವು. ವರ್ಷವಿಡೀ ರಜೆ ಕಾಣದ ಡ್ರೈವರುಗಳನ್ನು ನೋಡಲಾಗದೆ ಬೋರ್ಡಿನಲ್ಲಿ 'ಆಯುಧಪೂಜೆ: ಒಂದು ಗಾಡಿಯೂ ಓಡಕೂಡದು' ಎಂದು ಬರೆದಿರಿ. ಗೋದಾಮು ಬೆಳೆಯಿತು, ನಿಮ್ಮ ಬೋರ್ಡು ರಸ್ತೆಯ ನಿಯಮವಾಯಿತು, ಆಮೇಲೆ ಗಾಡಿಗಳ ಬುದ್ಧಿಯೊಳಗೆ ಸೇರಿತು. ಡ್ರೈವರುಗಳು ಹೋದರೂ ಅವರ ರಜೆ ಉಳಿಯಿತು. ಜನರಿಗೂ ಇದು ಇಷ್ಟ. ನಿಂತ ಗಾಡಿಗೆಲ್ಲ ದಾರಿಹೋಕರೇ ಹೂವು ಹಾಕುತ್ತಾರೆ.

ಇವತ್ತು ನವಮಿ ಶುರುವಾದದ್ದು ಮಧ್ಯಾಹ್ನ ಒಂದಕ್ಕೆ. ನನ್ನ ಅಕ್ಕ ಇಳಾ ಬೆಳಿಗ್ಗೆ ಜಗಳೂರಿನ ಆಸ್ಪತ್ರೆಯಲ್ಲಿ ಹೆತ್ತಳು. ಮಗು ಚೆನ್ನಾಗಿದೆ, ಅವಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಸುದ್ದಿ ಬಂದ ಕೂಡಲೇ ಮದ್ದಿನ ಗಾಡಿ ಕಳಿಸಿದೆ. ದಾರಿ ತುಂಬ ನಾನೇ ಹೊರಡಿಸಿದ್ದ ಬೂದುಗುಂಬಳದ, ಸೇವಂತಿಗೆಯ ಗಾಡಿಗಳು. ಹಬ್ಬದ ಬೇಡಿಕೆ ಮೊದಲು ಎಂದು ಅವಕ್ಕೆ ದಾರಿ ಬಿಟ್ಟುಕೊಟ್ಟವಳೂ ನಾನೇ. ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಜಗಳೂರು ಇನ್ನು ಹನ್ನೆರಡು ಕಿಲೋಮೀಟರ್ ಇರುವಾಗ ಮದ್ದಿನ ಗಾಡಿ ನಿಂತಿತು. ಭಾವ ಅಲ್ಲಿಯವರೆಗೆ ಓಡಿದ್ದಾರೆ. ಈಗಷ್ಟೆ ಫೋನ್ ಮಾಡಿದರು: "ಮದುಮಗನಂಗೆ ಹಾರ ಹಾಕ್ಕಂಡು ಕುಂತೈತಮ್ಮ. ಬಾಗ್ಲು ತೆಗೀತಾನೇ ಇಲ್ಲ." ಒಡೆಯಬಹುದು. ಒಡೆದರೆ ಒಳಗಿನ ತಂಪು ಹೋಗಿ, ಬಿಸಿಲಲ್ಲಿ ನಡೆದು ತಲುಪುವಷ್ಟರಲ್ಲಿ ಮದ್ದು ಕೆಟ್ಟಿರುತ್ತದೆ. ನವಮಿ ಕಳೆಯುವುದು ನಾಳೆ ಮಧ್ಯಾಹ್ನ. ಡಾಕ್ಟರು ಇವತ್ತು ಸಂಜೆಯವರೆಗೆ ಮಾತ್ರ ಭರವಸೆ ಕೊಟ್ಟಿದ್ದಾರೆ.

ಈಗ ಮೂರು ಐವತ್ತು. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ರಸ್ತೆಯಲ್ಲಿ ಏನೂ ಅಲುಗುತ್ತಿಲ್ಲ. ನನಗೆ ಭಯವಾಗುತ್ತಿದೆ ಅಜ್ಜಿ.

ರಜೆಯನ್ನು ಅಳಿಸಿಬಿಡಿ ಎನ್ನುತ್ತಿಲ್ಲ. ಆ ಡ್ರೈವರುಗಳು ಅವತ್ತೊಂದು ದಿನ ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಉಂಡಿರುತ್ತಾರೆ, ಉಣ್ಣಲಿ. ಆ ಸಾಲಿನ ಕೆಳಗೆ 'ಮದ್ದಿನ ಗಾಡಿ ಬಿಟ್ಟು' ಎಂದು ಸೇರಿಸಿ, ಅಷ್ಟೆ. ನೀವು ಸೇರಿಸಿದ ಕ್ಷಣ ನನ್ನ ಗಾಡಿ ನಿಂತೇ ಇರುವುದಿಲ್ಲ, ನಾನು ಈ ಪತ್ರ ಬರೆದೇ ಇರುವುದಿಲ್ಲ, ನಿಮ್ಮ ಕೈಯಲ್ಲಿ ಈ ಹಾಳೆಯೂ ಇರುವುದಿಲ್ಲ.

ಇನ್ನೂ ಓದುತ್ತಿದ್ದೀರಿ ಎಂದರೆ ನೀವಿನ್ನೂ ಬರೆದಿಲ್ಲ. ಏಳಿ ಅಜ್ಜಿ, ಬೋರ್ಡಿನ ಹತ್ತಿರ ಹೋಗಿ.