ಕಂಪ್ಯೂಟರಿನಲ್ಲಿ ಪರ್ಲ್‌ಳ ಅರ್ಧ

ಮಂಗಫ್, ಕುವೈತ್
ನವೆಂಬರ್ ೨೩, ಭಾನುವಾರ

ಮುದ್ದಿನ ಪರ್ಲ್‌ಗೆ ಡ್ಯಾಡಿಯ ಪ್ರೀತಿ ಮತ್ತು ಆಶೀರ್ವಾದ.

ನಿನ್ನ ಕೆಮ್ಮು ಈಗ ಹೇಗಿದೆ? ಮೈಸೂರಿನಲ್ಲಿ ಚಳಿ ಶುರುವಾಗಿರಬೇಕು. ಬೆಳಗಿನ ಪ್ರಾರ್ಥನೆಗೆ ಹೋಗುವಾಗ ತಲೆಗೆ ಏನಾದರೂ ಸುತ್ತಿಕೋ. ಕಾನ್ವೆಂಟಿನಲ್ಲಿ ಬಿಸಿನೀರು ಕೇಳುವುದು ಪಾಪವಲ್ಲ, ಕೇಳಿ ಕುಡಿ. ನಾವು ಚೆನ್ನಾಗಿದ್ದೇವೆ. ಇಲ್ಲಿ ಸೆಖೆ ಇಳಿದಿದೆ, ಸಂಜೆ ಸಮುದ್ರದ ಬದಿಯಲ್ಲಿ ನಡೆದಾಡಬಹುದು. ಮಮ್ಮಿಯ ಸೊಂಟನೋವು ಇದ್ದಷ್ಟೇ ಇದೆ. ನೀನು ಕೇಳಿದಂತೆ ಈ ಸಲವೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ಕರೆದರೂ ಇಂಗ್ಲಿಷಿನಲ್ಲೇ ಓಗೊಡುತ್ತಿದ್ದ ಹುಡುಗಿ ಈಗ ಶಾಲೆಯ ಮಕ್ಕಳಿಗೆ ಪಾಠ ಹೇಳಲು ಕನ್ನಡ ಕಲಿಯುತ್ತಿದ್ದಾಳೆಂದು ನಮ್ಮ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಹೋದ ಕಾಗದದಲ್ಲಿ ಊಟಕ್ಕೆ ಹ್ರಸ್ವ ಹಾಕಿದ್ದೀಯ. ಊಟ ಯಾವಾಗಲೂ ದೀರ್ಘವಾಗಿರಲಿ ಮಗಳೇ.

ಇನ್ನು ಇಲ್ಲಿಯ ದೊಡ್ಡ ಸುದ್ದಿ. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಗಿತ್ತು, ಬದಲಾಯಿಸಿದೆವು. ಇದೇನು ದೊಡ್ಡ ಸುದ್ದಿ ಎನ್ನಬೇಡ, ಪೂರ್ತಿ ಓದು. ನೀನು ಕಾಲೇಜಿಗೆ ಸೇರಿದ ವರ್ಷ ಆ ಯಂತ್ರವನ್ನು ಎರಡು ಮಾಡಿ ಇಟ್ಟಿದ್ದೆಯಲ್ಲ, ಒಂದು ಪಾಲು ನನಗೆ ವಿಂಡೋಸ್, ಇನ್ನೊಂದು ಪಾಲು ನಿನಗೆ ಉಬುಂಟು. ಗುಂಡಿ ಒತ್ತಿದರೆ ಕಪ್ಪು ಪರದೆಯಲ್ಲಿ ಎರಡು ಸಾಲು. ಮೇಲಿನದು ನಿನ್ನದು, ಕೆಳಗಿನದು ನನ್ನದು. ಬೇಗ ಬಾಣದ ಗುಂಡಿ ಒತ್ತಿ ಕೆಳಗೆ ಇಳಿಯದಿದ್ದರೆ ಅದು ತಾನಾಗಿ ನಿನ್ನ ಕಡೆಗೇ ಹೋಗಿ ನಿನ್ನ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತಿತ್ತು. ನೀನು ಸಿಸ್ಟರ್ ಆಗಲು ಕಾನ್ವೆಂಟಿಗೆ ಹೋದ ಮೇಲೆ ಆ ಕಡೆಗೆ ನಾವು ಯಾರೂ ಹೋದವರಲ್ಲ. ಮಮ್ಮಿ ಡ್ಯೂಟಿ ಪಟ್ಟಿ ನೋಡಲು ಕುಳಿತಾಗ ಮರೆತು ನಿನ್ನ ಹೆಸರು ಬಂದುಬಿಟ್ಟರೆ ಸ್ವಿಚ್ಚನ್ನೇ ಆರಿಸಿ ಎದ್ದುಬಿಡುತ್ತಿದ್ದಳು. ಅವಳು ನಿನಗೆ ಒಂದು ಸಾಲೂ ಬರೆದಿಲ್ಲವೆಂಬುದು ನಿನಗೆ ಗೊತ್ತು. ಅವಳ ಹೆಸರಿನಲ್ಲಿ ನಾನು ಬರೆಯುವುದು ಬೇಡವೆಂದು ನೀನೇ ಹೇಳಿದ್ದೆ, ನಾನೂ ಬರೆದಿಲ್ಲ.

ಹೋದ ತಿಂಗಳು ಯಂತ್ರದ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಮಮ್ಮಿ ಮೊದಲು ಹಲ್ಲಿ ಎಂದಳು. ಆಮೇಲೆ ಕೆಲಸದ ನಡುವೆಯೇ ಪರದೆ ಅಲುಗಾಡದೆ ನಿಂತುಬಿಡತೊಡಗಿತು. ಅಬ್ಬಾಸಿಯಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸೆಡ್ರಿಕ್ ಇದ್ದಾನಲ್ಲ, ಚರ್ಚಿನ ಕಾಯರಿನಲ್ಲಿ ನಿನ್ನ ಜೊತೆ ಗಿಟಾರ್ ಬಾರಿಸುತ್ತಿದ್ದವನು, ಅವನನ್ನು ಪೂಜೆಯ ನಂತರ ಹಿಡಿದು ಕೇಳಿದೆ. ಹಳೆಯ ಡಿಸ್ಕ್ ಸಾಯುತ್ತಿದೆ, ಪೂರ್ತಿ ಸಾಯುವ ಮೊದಲು ಒಳಗಿರುವುದನ್ನು ಹೊಸದಕ್ಕೆ ದಾಟಿಸಬೇಕು ಎಂದ. ಜೊತೆಗೆ, ಪರ್ಲ್ ಇನ್ನು ಬಂದು ಅದರಲ್ಲಿ ಕೂರುವುದಿಲ್ಲವಲ್ಲ ಅಂಕಲ್, ಬರೀ ವಿಂಡೋಸ್ ಹಾಕೋಣ, ಕೆಲಸವೂ ಸುಲಭ, ಜಾಗವೂ ಉಳಿಯುತ್ತದೆ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಒಪ್ಪಿಯೇ ಮನೆಗೆ ಬಂದೆ. ಮಮ್ಮಿ ಸಿಂಕಿನ ಬಳಿ ಬಂಗುಡೆ ಶುಚಿ ಮಾಡುತ್ತಿದ್ದಳು. ಹೂಂ ಎನ್ನುತ್ತಾಳೆಂದುಕೊಂಡು, ಹೀಗಂತೆ, ಪರ್ಲ್‌ಳ ಪಾಲು ತೆಗೆಯುತ್ತಾರಂತೆ ಎಂದೆ. ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟು, ತಿರುಗದೆಯೇ, "ನಾಕಾ" ಎಂದಳು. "ಬೇಡ ಅಂದೆ. ಅವಳು ಹೇಗೆ ಇಟ್ಟಿದ್ದಾಳೋ ಹಾಗೇ ಇರಲಿ" ಎಂದು ಮತ್ತೆ ಮೀನಿಗೆ ಕೈ ಹಾಕಿದಳು. ನಾನು ಆಗಲೇ ಸೆಡ್ರಿಕ್‌ಗೆ ಫೋನ್ ಮಾಡಿ ತಿಳಿಸಿದೆ. ಇಷ್ಟು ದಿನ ನಿನ್ನ ಬಗ್ಗೆ 'ಅವಳು' ಎಂಬ ಮಾತೂ ಮಮ್ಮಿಯ ಬಾಯಲ್ಲಿ ಬಂದಿರಲಿಲ್ಲ.

ಇದ್ದ ಹಾಗೇ ದಾಟಿಸುವುದಾದರೆ ತಾಳ್ಮೆಯ ಕೆಲಸ, ತನಗೆ ಈಗ ಪುರಸೊತ್ತಿಲ್ಲ ಎಂದು ಸೆಡ್ರಿಕ್ ಒಂದು ಪೆನ್‌ಡ್ರೈವ್ ತಯಾರು ಮಾಡಿ ಕೊಟ್ಟು, ಏನು ಮಾಡಬೇಕೆಂದು ಫೋನಿನಲ್ಲಿ ಹೇಳುತ್ತೇನೆಂದ. ಹವಲ್ಲಿಗೆ ಹೋಗಿ ಹೊಸ ಡಿಸ್ಕ್ ತಂದೆ. ಇಸ್ಪೀಟಿನ ಕಟ್ಟಿನಷ್ಟು ಇದೆ, ತೂಕವೇ ಇಲ್ಲ. ಒಳಗೆ ತಿರುಗುವುದೂ ಏನಿಲ್ಲವಂತೆ. ಹೋದ ವಾರ ಶುಕ್ರವಾರ ಪೂಜೆ ಮುಗಿಸಿ ಬಂದು ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಯಂತ್ರವನ್ನು ಮಲಗಿಸಿದೆವು. ನಿನ್ನ ಮಮ್ಮಿ ಆಪರೇಷನ್ ಥಿಯೇಟರಿನಲ್ಲಿ ಇಷ್ಟು ವರ್ಷ ಡಾಕ್ಟರರ ಕೈಗೆ ಸಾಮಾನು ಕೊಟ್ಟವಳಲ್ಲವೇ, ಸ್ಕ್ರೂಡ್ರೈವರನ್ನೂ ಹಾಗೆಯೇ ಹಿಡಿಯುವ ಕಡೆಯನ್ನು ನನ್ನತ್ತ ಮಾಡಿ ಕೊಟ್ಟಳು. ನಾನು ಎರಡನೆಯ ಸ್ಕ್ರೂವನ್ನೇ ಒಳಗೆ ಬೀಳಿಸಿದೆ. ಆಮೇಲೆ ಡಾಕ್ಟರ್ ಯಾರು, ನರ್ಸ್ ಯಾರು ಎಂದು ನಾನು ಬರೆಯಬೇಕಾಗಿಲ್ಲ. ಚಿಮುಟದಲ್ಲಿ ಸ್ಕ್ರೂ ಹೊರತೆಗೆದವಳೂ ಅವಳೇ, ವಯರು ಸಿಕ್ಕಿಸಿದವಳೂ ಅವಳೇ. ನಾನು ಟಾರ್ಚ್ ಹಿಡಿದೆ. ಅದನ್ನೂ ಅಲುಗಾಡಿಸುತ್ತೇನೆಂದು ಬೈಸಿಕೊಂಡೆ.

ನನ್ನ ವಿಂಡೋಸ್ ಪಾಲು ಸಲೀಸಾಗಿ ದಾಟಿತು. ನಿನ್ನ ಪಾಲಿಗೆ ಬಂದಾಗ ಹಳೆಯ ಡಿಸ್ಕ್ ಮತ್ತೆ ಟಕ್ ಟಕ್ ಎಂದು ಹಟ ಹಿಡಿಯಿತು. ಎಷ್ಟು ದಾಟಿತೆಂದು ಪರದೆಯಲ್ಲಿ ತೋರಿಸುವ ಎಣಿಕೆ ನಿಂತಲ್ಲೇ ನಿಂತಿತು. ಮುಟ್ಟಿ ನೋಡಿದರೆ ಡಿಸ್ಕ್ ಬಿಸಿ. ಜ್ವರ ಇಳಿಯುವವರೆಗೆ ಬಿಡಬೇಕು ಎಂದು ಮಮ್ಮಿ ಅದನ್ನು ಆರಿಸಿ, ಮಲಗುವ ಕೋಣೆಯ ಫ್ಯಾನ್ ತಂದು ಅದರ ಎದುರು ಇಟ್ಟಳು. ಮತ್ತೆ ಶುರು ಮಾಡಿದೆವು. ಓದಲಾಗದ ಕಡೆ ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಹಿಂದೆ ಬಂದು ಮತ್ತೆ ಪ್ರಯತ್ನಿಸುವಂತೆ ಸೆಡ್ರಿಕ್ ಬೇರೆ ಆಜ್ಞೆ ಹೇಳಿಕೊಟ್ಟ. ಶನಿವಾರವೂ ಅದು ಇರುವೆಯ ಹಾಗೆ ಹರಿಯುತ್ತಲೇ ಇತ್ತು. ಮಮ್ಮಿ ಡ್ಯೂಟಿಗೆ ಹೋದಳು. ಆಸ್ಪತ್ರೆಯಿಂದ ಫೋನ್ ಬಂತು, ಎಷ್ಟಾಯಿತು ಎಂದು. ಊಟದ ಹೊತ್ತಿಗೆ ಮತ್ತೆ ಬಂತು. ಮದುವೆಯಾದ ಮೇಲೆ ಅವಳು ಡ್ಯೂಟಿಯಿಂದ ನನಗೆ ಇಷ್ಟು ಸಲ ಫೋನ್ ಮಾಡಿದ್ದು ಇದೇ ಮೊದಲು.

ಅವಳು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಳೆಯ ಡಿಸ್ಕ್ ತೆಗೆದು ಗುಂಡಿ ಒತ್ತಿದೆವು. ಮಿಂಚಿನ ಹಾಗೆ ವಿಂಡೋಸ್ ಬಂತು. ಎರಡು ಸಾಲಿನ ಕಪ್ಪು ಪರದೆ ಬರಲೇ ಇಲ್ಲ. ಮತ್ತೆ ಆರಿಸಿ ಹಾಕಿದೆ, ಮತ್ತೆ ವಿಂಡೋಸ್. ನಿನ್ನ ಪಾಲು ದಾಟುವಾಗ ಸತ್ತಿತು ಎಂದೇ ನನಗೆ ಅನ್ನಿಸಿತು. ಮಮ್ಮಿ ಯೂನಿಫಾರ್ಮ್ ಕೂಡ ಬದಲಾಯಿಸದೆ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಕೆಲಸದ ಫೈಲುಗಳೆಲ್ಲ ಉಳಿದಿವೆಯಲ್ಲ, ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಹೇಳಲು ಹೋದೆ. ಅವಳು ನನ್ನ ಕಡೆ ನೋಡದೆ ತಾನೇ ಸೆಡ್ರಿಕ್‌ಗೆ ಫೋನ್ ಹಚ್ಚಿದಳು. ಅಂಗಡಿ ಮುಚ್ಚಿ ಹೊರಟಿದ್ದ ಹುಡುಗ, ಪಾಪ, ಕಾರಿನಲ್ಲೇ ಕುಳಿತು ಹೇಳಿಕೊಟ್ಟ. ಏನೂ ಸತ್ತಿಲ್ಲ ಆಂಟಿ, ಬಾಗಿಲು ತೋರಿಸುವ ಪ್ರೋಗ್ರಾಂ ಎಲ್ಲಿದೆಯೆಂದು ಹೊಸ ಡಿಸ್ಕಿಗೆ ಗೊತ್ತಿಲ್ಲ, ಅಷ್ಟೇ ಎಂದ. ಪೆನ್‌ಡ್ರೈವ್ ಹಾಕಿ, ಅವನು ಹೇಳಿದ್ದನ್ನು ಮಮ್ಮಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ನಾನು ಒತ್ತಿದೆ. ಯಲ್ಲಾ, ನಡೆಯಲಿ, ಈಗ ಆರಿಸಿ ಹಾಕಿ ಎಂದ. ಎರಡು ಸಾಲು ಬಂತು ಪರ್ಲ್.

ನನ್ನ ಬೆರಳು ಅಭ್ಯಾಸದಿಂದ ಬಾಣದ ಗುಂಡಿಗೆ ಹೋಯಿತು. ಮಮ್ಮಿ ನನ್ನ ಕೈ ಹಿಡಿದಳು. ನಿನ್ನ ಹೆಸರು ಬಂತು, ಪಾಸ್‌ವರ್ಡ್ ಕೇಳಿತು. ಇನ್ನು ಪರ್ಲ್‌ಗೆ ಬರೆದು ಕೇಳಬೇಕು ಎಂದು ನಾನು ಎದ್ದೆ. ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಪಟಪಟನೆ ಒತ್ತಿದಳು. ಬಾಗಿಲು ತೆರೆಯಿತು. ಎದ್ದವನು ಮತ್ತೆ ಕುಳಿತೆ. ಅವಳೇ ಹೇಳಿದಳು, "ಹೊರಡುವ ದಿನ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ನಾನು ತಿರುಗಲಿಲ್ಲ. ಅವಳಿಗೂ ಬೇರೆ ಏನು ಹೇಳಬೇಕೆಂದು ತೋಚಲಿಲ್ಲ, ನನ್ನ ಬೆನ್ನಿಗೆ ಪಾಸ್‌ವರ್ಡ್ ಹೇಳಿ ಹೋದಳು." ಅದೇನೆಂದು ನನಗೆ ಹೇಳಿಲ್ಲ, ನಾನೂ ಕೇಳಲಿಲ್ಲ. ಅದು ನಿಮ್ಮಿಬ್ಬರಲ್ಲೇ ಇರಲಿ.

ಆ ಸಂಜೆ ನಾವು ಟೀ ಕೂಡ ಮಾಡದೆ ಕುಳಿತು ನೋಡಿದೆವು. ನಿನ್ನ ಕಾಯರಿನ ಹಾಡುಗಳು, ಫಿಸಿಕ್ಸ್ ಪ್ರಾಜೆಕ್ಟ್, ಮಂಗಫ್ ಬೀಚಿನಲ್ಲಿ ನನಗೆ ಈಜು ಕಲಿಸುತ್ತೇನೆಂದು ಮುಳುಗಿಸಿದ ವಿಡಿಯೋ, ಎಲ್ಲ ಇವೆ. ಕೆಲವು ಫೋಟೋಗಳು ಮಾತ್ರ ಪೂರ್ತಿ ದಾಟಿಲ್ಲ, ಅರ್ಧ ಬೂದಿಬಣ್ಣವಾಗಿವೆ. ಚರ್ಚಿನಲ್ಲಿ ನಿನಗೆ ದೃಢೀಕರಣದ ಸಂಸ್ಕಾರವಾದ ದಿನ ಮೂವರೂ ನಿಂತ ಫೋಟೋದಲ್ಲಿ ಬಲಗಡೆ ಪೂರ್ತಿ ಅಳಿಸಿದೆ. "ನನ್ನ ಹೊಸ ಸೀರೆ ಹೋಯಿತು, ನಿಮ್ಮ ಹೊಟ್ಟೆ ಉಳಿಯಿತು" ಎಂದು ಮಮ್ಮಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು, ಆಮೇಲೆ ಎದ್ದು ಹೋಗಿ ಮುಖ ತೊಳೆದು ಬಂದು, ಮುಂದಿನದು ಹಾಕಿ ಎಂದಳು. ಈಗ ಮಧ್ಯಾಹ್ನದ ಬಿಡುವಿನಲ್ಲಿ ಅವಳು ನಿನ್ನ ಕಡೆಯಲ್ಲೇ ಕೂರುತ್ತಾಳೆ. ಹಾಡು ಹಾಕಿಕೊಂಡು ಬೀನ್ಸ್ ಮುರಿಯುತ್ತಾಳೆ. ನನಗೆ ವಿಂಡೋಸ್ ಬೇಕಾದರೆ ಸರದಿ ಕಾಯಬೇಕು. ಆ ಸ್ಕ್ರೂಗಳಲ್ಲಿ ಒಂದು ಮೇಜಿನ ಮೇಲೆ ಮಿಕ್ಕಿದೆ, ಎಲ್ಲಿಯದೆಂದು ಇಬ್ಬರಿಗೂ ಗೊತ್ತಿಲ್ಲ. ಯಂತ್ರ ಮಾತ್ರ ಚೆನ್ನಾಗಿ ನಡೆಯುತ್ತಿದೆ.

ಕೆಳಗಿನ ಮನೆಯ ಸುಕುಮಾರ ನಾಳೆ ಊರಿಗೆ ಹೊರಟಿದ್ದಾರೆ, ಮಂಗಳೂರಿನಲ್ಲಿ ಈ ಕಾಗದ ಪೋಸ್ಟಿಗೆ ಹಾಕುತ್ತಾರೆ. ನಿಮ್ಮ ಸಿಸ್ಟರ್‌ಗಳಿಗೆಲ್ಲ ನನ್ನ ವಂದನೆ ತಿಳಿಸು. ಸರಿಯಾಗಿ ತಿನ್ನು, ಸರಿಯಾಗಿ ನಿದ್ದೆ ಮಾಡು. ಮಾತೆ ಮರಿಯಳ ನೆರಳು ನಿನ್ನ ಮೇಲಿರಲಿ.

ನಿನ್ನ ಪ್ರೀತಿಯ ಡ್ಯಾಡಿ,
ಬರ್ನಾರ್ಡ್

ತಾಜಾ ಕಲಂ: ಸುಕುಮಾರ ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಸಿಸ್ಟರ್ ಆಗಿ ನೀನು ಮೊದಲ ವ್ರತ ತೊಡುವ ದಿನಕ್ಕೆ ನಾನೊಬ್ಬನೇ ಬರುವುದೆಂದು ಬರೆದಿದ್ದೆನಲ್ಲ, ಅದು ಖಲಾಸ್. ಮಮ್ಮಿ ಇವತ್ತು ರಜೆಗೆ ಬರೆದುಕೊಟ್ಟು ಬಂದಿದ್ದಾಳೆ, ನನಗೆ ಹೇಳಿದ್ದು ಈಗ, ಟಿಕೆಟ್ ಇಬ್ಬರಿಗೆ ನೋಡಿ ಎಂದು. ಅವಳಿಗೆ ನೀನೇ ಒಂದು ಕಾಗದ ಬರೆ, ಕೊಂಕಣಿಯಲ್ಲಿ. ನನ್ನ ಕಾಗದದ ಒಳಗೆ ಮಡಚಿ ಇಡಬೇಡ. ಬೇರೆ ಕವರಿನಲ್ಲಿ ಹಾಕು, ಮೇಲೆ ಅವಳ ಹೆಸರು ಮಾತ್ರ ಇರಲಿ.