ಹಿಂದೆ ಬರುತ್ತಿದ್ದ ಗೆಳತಿ

ನನ್ನ ಗೆಳತಿ, ವತ್ಸಲಾ ಮಾರಾಯ್ತಿಗೆ,

ನೀನು ನನ್ನನ್ನು ಕರೆಯುತ್ತಿದ್ದ ಹಾಗೆಯೇ ನಿನ್ನನ್ನು ಕರೆದಿದ್ದೇನೆ. ಎಷ್ಟು ವರ್ಷ ಅಮೆರಿಕದಲ್ಲಿದ್ದರೂ ಹುಬ್ಬಳ್ಳಿಯವಳ ಬಾಯಲ್ಲಿ ‘ಮಾರಾಯ್ತಿ’ ಹೊಂದುವುದಿಲ್ಲ ಎಂದು ನಗಬೇಡ. ಹೇಳಬೇಕಾದ ಸುದ್ದಿ ದೊಡ್ಡದಿದೆ. ನಾನು ಇಟಲಿಗೆ ಹೋಗಿ ಬಂದೆ. ಒಬ್ಬಳೇ.

ನೆನಪಿದೆಯಾ, ಸಾಂಟಾ ಕ್ಲಾರಾದ ಪಾರ್ಕಿನಲ್ಲಿ ವಾಕಿಂಗು ಮುಗಿಸಿ, ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಾ ನೀನು ಇಟಲಿಯ ಮಾತು ತೆಗೆದ ದಿನ? ನಾನು ಪಾಪ, ಯಾವುದೋ ಟೂರ್ ಕಂಪನಿಯ ಬಗ್ಗೆ ಹೇಳಿದೆ. ಅಡುಗೆಯವರನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಾರಂತೆ ಎಂದೆ. ನೀನು ಕರಿಬೇವಿನ ಕಟ್ಟನ್ನು ನನ್ನ ಮುಖಕ್ಕೇ ಹಿಡಿದು, “ಎಂಥ ಮಾರಾಯ್ತಿ, ಬಸ್ಸಲ್ಲಿ ಕೂತು ಅಂತ್ಯಾಕ್ಷರಿ ಆಡ್ಲಿಕ್ಕೆ ಅಷ್ಟು ದೂರ ಹೋಗುದಾ? ನಾವಿಬ್ರೇ ಹೋಗುವ. ಲೋಕಲ್ ರೈಲು, ಕಾನ್ವೆಂಟಿನ ಸಿಸ್ಟರುಗಳು ಕೊಡುವ ಅಗ್ಗದ ರೂಮು, ನಿನ್ನ ಕಡಕ್ ರೊಟ್ಟಿ. ಸಾಕಲ್ಲ?” ಎಂದಿದ್ದೆ. ಮಕ್ಕಳ ಕಾಲೇಜು ಮುಗಿಯಲಿ ಎಂದು ಕಾದೆವು. ಮುಗಿಯಿತು. ಆಮೇಲೆ ನಿನ್ನ ಆ ಸ್ಕ್ಯಾನು, ಆ ರಿಪೋರ್ಟು... ಬಿಡು, ನಿನಗೆ ಗೊತ್ತಿಲ್ಲದ್ದೇನೂ ಅಲ್ಲ.

ನೀನು ಹೋದ ಮೇಲೆ ಅದೇ ಅಂಗಡಿಯವಳು, “ನಿಮ್ಮ ಫ್ರೆಂಡ್ ಕಾಣಿಸ್ತಾನೇ ಇಲ್ವಲ್ಲ?” ಎಂದು ಕೇಳಿದಳು. ಊರಿಗೆ ಹೋಗಿದ್ದಾಳೆ ಎಂದುಬಿಟ್ಟೆ. ಯಾಕೆ ಹಾಗೆಂದೆನೋ! ನೀನು ತೀರಿಕೊಂಡೆ ಎಂಬ ಮಾತು ನನ್ನ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಯಾರ ಎದುರೂ ಹೊರಡಲಿಲ್ಲ, ನಿನ್ನ ಮಗಳ ಎದುರೂ.

ನಿನ್ನ ನಿಧಿ ಒಂದು ಭಾನುವಾರ ಡ್ಯಾನ್‌ವಿಲ್‌ನಿಂದ ಬಂದಳು. ಇಟಲಿಯ ಆಸೆ ಇನ್ನೂ ಇದೆ, ಧೈರ್ಯ ಇಲ್ಲ ಎಂದು ಅವಳ ಹತ್ತಿರ ಕನ್ನಡದಲ್ಲಿ ಗೋಳಾಡಿದೆ. ಅವಳು ಇಂಗ್ಲಿಷಿನಲ್ಲಿ, “ಆಂಟಿ, ಜಸ್ಟ್ ಗೋ. ಅಮ್ಮ ವುಡ್ ಬಿ ಸೋ ಮ್ಯಾಡ್ ಇಫ್ ಯು ಡೋಂಟ್,” ಎಂದಳು. ಥೇಟ್ ನಿನ್ನ ಹಾಗೆ ಕಣ್ಣು ಬಿಟ್ಟು. ಅವತ್ತೇ ಟಿಕೆಟು ತೆಗೆದೆ. ನಮ್ಮನೆಯವರು ಟಿವಿ ಸದ್ದು ಕಡಿಮೆ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ, ನೀ ಬಾತ್‌ರೂಮಿಗೆ ಹೋದ್ರ ಬ್ಯಾಗ ಯಾರ ನೋಡ್ಕೋತಾರ?” ನನಗೂ ಅದೇ ಚಿಂತೆಯಿತ್ತು, ಆದರೆ ತೋರಿಸಿಕೊಳ್ಳಲಿಲ್ಲ.

ರೋಮಿನಲ್ಲಿ ಹಾಸ್ಟೆಲಿನ ಕೌಂಟರಿನಲ್ಲಿದ್ದವನು, “ಒಬ್ಬರೇನಾ?” ಎಂದು ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ, “ಇಲ್ಲ, ಗೆಳತಿ ಹಿಂದೆ ಬರುತ್ತಿದ್ದಾಳೆ,” ಎಂದಿತು. ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ನಮ್ಮವ್ವ ಕಲಿಸಿದ ಪಾಠ ಅದು. “ಯಾರರ ಕೇಳಿದ್ರ ಒಬ್ಬಾಕೀನ ಅದೀನಿ ಅನಬ್ಯಾಡ. ಹಿಂದ ಬರಾಕತ್ತಾರ ಅನ್ನು.” ನಿಮ್ಮ ಉಡುಪಿಯಲ್ಲೂ ಹೆಣ್ಣುಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದರು ಎಂದು ನೀನೇ ಹೇಳಿದ್ದೆ. ಆ ಹುಡುಗ ಪಾಪ ನಂಬಿ ಎರಡು ಟವೆಲ್ಲು ಕೊಟ್ಟ.

ರೋಮಿನ ಬಗ್ಗೆ ನೀನು ಹೇಳಿದ್ದೆಲ್ಲ ನಿಜ. ಕಾಫಿ ಕೂತು ಕುಡಿದರೆ ರೇಟು ಜಾಸ್ತಿ, ನಿಂತು ಕುಡಿದರೆ ಕಡಿಮೆ. ನಮ್ಮ ದರ್ಶಿನಿಗಳಲ್ಲಿ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ಬೀದಿ ಬೀದಿಯಲ್ಲಿ ನಲ್ಲಿಗಳು, ತಣ್ಣನೆಯ ನೀರು, ಪುಕ್ಕಟೆ. ಕಡಕ್ ರೊಟ್ಟಿ ಸೂಟ್‌ಕೇಸಿನಲ್ಲಿ ಪುಡಿಪುಡಿಯಾಗಿತ್ತು. ಅದಕ್ಕೇ ಟೊಮೆಟೊ ಹೆಚ್ಚಿ ಹಾಕಿ, ಶೇಂಗಾ ಚಟ್ನಿಪುಡಿ ಕಲಸಿ ತಿಂದೆ. ಅವರ ಟೊಮೆಟೊ ರುಚಿ ಏನು ಹೇಳಲಿ, ನಮ್ಮ ಗ್ರೋಸರಿ ಸ್ಟೋರಿನದನ್ನು ಇನ್ನು ಮುಟ್ಟಲು ಮನಸ್ಸಿಲ್ಲ.

ಅಸಿಸಿಗೆ ಹೋಗುವ ರೈಲಿನಲ್ಲಿ ಮಾತ್ರ ಮಾನ ಹೋಯಿತು. ಕಿಟಕಿ ಪಕ್ಕ ಕೂತವಳು, ಹಳೇ ಅಭ್ಯಾಸ ನೋಡು, ಪಕ್ಕದ ಸೀಟಿಗೆ ಶಾಲು ಹಾಸಿ ಸೀಟು ಹಿಡಿದೆ! ಒಬ್ಬ ಮುದುಕ ಬಂದು ಕೈಸನ್ನೆಯಲ್ಲೇ ಕೇಳಿದ. ಗೆಳತಿ ಬರುತ್ತಾಳೆ ಎಂದೆ. ರೈಲು ಹೊರಟಿತು. ಆತ ಕಂಬಿ ಹಿಡಿದು ನಿಂತೇ ಇದ್ದ. ಅವನೂ ಎದುರಿಗಿದ್ದ ಇಬ್ಬರು ಹೆಂಗಸರೂ ಟಾಯ್ಲೆಟ್ಟಿನ ಬಾಗಿಲನ್ನೇ ನೋಡುತ್ತಿದ್ದರು, ನೀನು ಈಗ ಹೊರಗೆ ಬರುತ್ತೀ, ಆಗ ಬರುತ್ತೀ ಎಂದು. ಶಾಲು ತೆಗೆದುಬಿಡಬೇಕಿತ್ತು. ಕೈ ಬರಲಿಲ್ಲ. ಇದು ಬರೀ ಅವ್ವನ ಪಾಠವಲ್ಲ, ಬೇರೆ ಏನೋ ಎಂದು ನನಗೆ ಗೊತ್ತಾಗಿದ್ದು ಆಗಲೇ.

ಅಸಿಸಿಯ ಕಾನ್ವೆಂಟಿನ ಬಾಗಿಲು ತೆರೆದ ಹಿರಿಯ ಸಿಸ್ಟರು ನನ್ನ ಪಾಸ್‌ಪೋರ್ಟು ನೋಡಿದವರೇ, “ಅಯ್ಯೋ ದೇವರೇ, ಹುಬ್ಬಳ್ಳಿಯವರಾ! ನನ್ನದು ಬಂಟ್ವಾಳದ ಹತ್ರ!” ಎಂದರು. ಸಿಸ್ಟರ್ ಐರಿನ್ ಅಂತ ಹೆಸರು. ಬಾಯಿ ಬಿಟ್ಟರೆ ನಿನ್ನದೇ ರಾಗ, ನಿನ್ನದೇ ‘ಉಂಟು’, ‘ಎಂಥದ್ದು’. ಅಂಥವರಿಗೂ ಅದೇ ಸುಳ್ಳು ಹೇಳಿದೆನಲ್ಲ! ಗೆಳತಿ ಸಂಜೆಯ ಬಸ್ಸಿಗೆ ಬರುತ್ತಾಳೆ ಎಂದೆ.

ಸಂಜೆ ಊಟದ ಮನೆಗೆ ಹೋದರೆ ನನ್ನ ಪಕ್ಕದಲ್ಲಿ ಇನ್ನೊಂದು ತಟ್ಟೆ. ಸಿಸ್ಟರುಗಳೆಲ್ಲ ಕೈ ಕಟ್ಟಿ ಕೂತಿದ್ದಾರೆ, ಯಾರೂ ಚಮಚ ಮುಟ್ಟುತ್ತಿಲ್ಲ. ಅತಿಥಿ ಬಾರದೆ ಊಟ ಶುರು ಮಾಡುವ ಕ್ರಮ ಅವರಲ್ಲಿಲ್ಲವಂತೆ. ಸಿಸ್ಟರ್ ಐರಿನ್ ಎದ್ದು ಸ್ವೆಟರ್ ಹಾಕಿಕೊಳ್ಳತೊಡಗಿದರು. “ಬಸ್ಸು ಬಂದು ಹೋಯ್ತು, ಅವರು ಕಾಣುದಿಲ್ಲ. ದಾರಿ ತಪ್ಪಿದ್ರೋ ಏನೋ. ನಾನೊಮ್ಮೆ ಹೋಗಿ ನೋಡಿ ಬರ್ತೇನೆ. ಹೆಸರೆಂಥ ಅವರದ್ದು?”

ಆ ವಯಸ್ಸಿನಲ್ಲಿ, ಆ ಏರುದಾರಿಯಲ್ಲಿ, ನಿನ್ನನ್ನು ಹುಡುಕಲು ಹೊರಟಿದ್ದರು ವತ್ಸಲಾ. ನಾನು ಅವರ ಕೈ ಹಿಡಿದುಕೊಂಡೆ. “ಹೋಗಬ್ಯಾಡ್ರಿ ಸಿಸ್ಟರ್. ಆಕಿ ಹೆಸರು ವತ್ಸಲಾ. ಆಕಿ ಬರೂದಿಲ್ರಿ. ತೀರಿಕೊಂಡಾಳ. ನಾ ಒಬ್ಬಾಕೀನ ಬಂದೀನಿ.”

ಅಂದುಬಿಟ್ಟೆ. ಇಷ್ಟು ದಿನ ಗಂಟಲಲ್ಲಿ ಕೂತಿದ್ದ ಮಾತು, ಗುರುತಿಲ್ಲದ ಊರಿನಲ್ಲಿ, ಸೂಪಿನ ಪಾತ್ರೆಯ ಎದುರು ಹೊರಬಿತ್ತು. ನನ್ನನ್ನು ಸುಳ್ಳುಬುರುಕಿ ಅಂದುಕೊಳ್ಳುತ್ತಾರೇನೋ ಎಂದು ಮುಖ ತಗ್ಗಿಸಿದೆ. ಸಿಸ್ಟರ್ ಐರಿನ್ ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿದರು. ಉಳಿದವರಿಗೆ ಇಟಾಲಿಯನ್ನಿನಲ್ಲಿ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಅಷ್ಟು ದೂರದಿಂದ ಒಬ್ರೇ ಬಂದ್ರಾ? ಧೈರ್ಯ ಉಂಟು ನಿಮಗೆ. ಕೂತ್ಕೊಳ್ಳಿ, ಸೂಪು ತಣೀತಾ ಉಂಟು,” ಎಂದರು. ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ನನಗೆ ಅರ್ಥವಾದದ್ದು ಒಂದೇ ಪದ, ನಿನ್ನ ಹೆಸರು. ‘ವತ್ಸಾಲಾ’ ಎಂದು ಎಳೆದು ಹೇಳಿದರು. ಚೆನ್ನಾಗಿ ಅತ್ತೆ. ಅತ್ತು, ಕಾಳಿನ ಸೂಪು ಎರಡು ಸಲ ಹಾಕಿಸಿಕೊಂಡು ಉಂಡೆ. ಖಾರ ಸಾಲದು ಎಂದು ಚಟ್ನಿಪುಡಿ ಡಬ್ಬಿ ತೆಗೆದಾಗ ಸಿಸ್ಟರುಗಳೆಲ್ಲ ಕೈ ಚಾಚಿದರು. ಆಮೇಲೆ ಅವರ ಕೆಮ್ಮು ನಿಲ್ಲಿಸುವುದೇ ಒಂದು ಕೆಲಸವಾಯಿತು.

ಅಲ್ಲಿಂದ ಮುಂದೆ ಫ್ಲಾರೆನ್ಸು, ವೆನಿಸ್ಸು. ಯಾರು ಕೇಳಿದರೂ ಒಬ್ಬಳೇ ಎಂದೆ. ರೈಲಿನಲ್ಲಿ ಪಕ್ಕದ ಸೀಟಿಗೆ ಬಂದ ಹುಡುಗಿ ನನ್ನ ಹೆಗಲ ಮೇಲೆಯೇ ನಿದ್ದೆ ಹೋದಳು. ವೆನಿಸ್ಸಿನಲ್ಲಿ ದಾರಿ ತಪ್ಪಿದೆ, ತಪ್ಪಿದ ದಾರಿಯಲ್ಲೇ ಇನ್ನಷ್ಟು ದೂರ ನಡೆದೆ. ಒಂದು ಕಾಲುವೆಯ ಕಟ್ಟೆಯ ಮೇಲೆ ಕೂತು, ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕಿ ಮುಗಿಸುವವರೆಗೂ ನೋಡುತ್ತಿದ್ದೆ. ಏಳು, ಹೊತ್ತಾಯಿತು ಎನ್ನುವವರು ಯಾರೂ ಇರಲಿಲ್ಲ.

ಏರ್‌ಪೋರ್ಟಿನಿಂದ ಬರುವಾಗ, ಫ್ರೀವೇ ಮೇಲೆ, ನಮ್ಮನೆಯವರು ರಸ್ತೆಯಿಂದ ಕಣ್ಣು ತೆಗೆಯದೆ, “ಮುಂದಿನ ಸಲ ನಾನೂ ಬರ್ಲೇನು?” ಎಂದರು. ಸೋಫಾ ಬಿಟ್ಟು ಏಳದ ಮನುಷ್ಯ! “ನೋಡೂಣು,” ಎಂದೆ.

ಇನ್ನೊಂದು ಮಾತು ಉಳಿದಿದೆ. ಬೇರೆ ಯಾರಿಗೂ ಹೇಳುವಂಥದ್ದಲ್ಲ, ನಿನಗೆ ಹೇಳುವುದೂ ಕಷ್ಟವೇ. ನೀನಿಲ್ಲದ ನೋವು ಹಾಗೇ ಇದೆ. ಆದರೆ ಒಬ್ಬಳೇ ತಿರುಗುವುದು ನನಗೆ ಇಷ್ಟವಾಯಿತು ವತ್ಸಲಾ. ತುಂಬಾ ಇಷ್ಟವಾಯಿತು. ನೀನಿದ್ದಿದ್ದರೆ ನಿನ್ನ ಬೆನ್ನನ್ನೇ ನೋಡುತ್ತಾ ಇಟಲಿಯೆಲ್ಲ ಸುತ್ತಿ, ಅದರಲ್ಲೇ ಸಂತೋಷವಾಗಿ ವಾಪಸು ಬರುತ್ತಿದ್ದೆ, ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಸಿಟ್ಟಾಗುತ್ತೀಯಾ? ಬರುವ ವಸಂತಕ್ಕೆ ಪೋರ್ಚುಗಲ್ಲಿಗೆ ಟಿಕೆಟು ತೆಗೆದಿದ್ದೇನೆ, ಒಂದೇ ಟಿಕೆಟು. ನಮ್ಮನೆಯವರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೇ ಹೇಳುತ್ತಿರುವುದು.