ಅಣ್ಣನ ಕಂಪ್ಯೂಟರಿನಲ್ಲಿ ನನ್ನ ಹೆಸರು

ಅಣ್ಣಾ,

ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ, ಬೈಯಬೇಡ. ಕೀಬೋರ್ಡಿಗೆ ನೀನು ಅಂಟಿಸಿದ ಕನ್ನಡ ಅಕ್ಷರದ ಚೀಟಿಗಳಲ್ಲಿ ಅರ್ಧ ಉದುರಿಹೋಗಿವೆ. ಮೇಜಿನ ಮೇಲಿನ ನಿನ್ನ ಕಾಫಿ ಲೋಟದ ಕಲೆಯನ್ನು ಅಮ್ಮ ಇನ್ನೂ ಒರೆಸಿಲ್ಲ.

ಆ ಭಾನುವಾರ ನೆನಪಿದೆಯಾ? ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸುವ ನಿನ್ನ ತಂತ್ರಾಂಶವನ್ನು ನೀನು ಆಗಷ್ಟೇ ಗಿಟ್‌ಗೆ ಹಾಕಿದ್ದೆ. "ಯಾರು ಏನು ಬದಲಾಯ್ಸಿದ್ರು ಅಂತ ಇದು ನೆನಪಿಟ್ಕೊಳುತ್ತೆ ಕಣೇ. ಮೊದ್ಲು ನಮ್ಮ ಹೆಸ್ರು, ಇಮೇಲ್ ಹೇಳ್ಬೇಕು, ಅಷ್ಟೇ" ಎಂದೆ ನೀನು. ಸುಳ್ಳು ಹೆಸರು ಹೇಳಿದರೆ ಅಂತ ನಾನು ಕೇಳಿದೆ. ನೀನು ಕಣ್ಣು ಮಿಟುಕಿಸಿ, ಅಮ್ಮನ ಹೆಸರು ಹಾಕಿ, ಒಂದು ಅಕ್ಷರ ತಿದ್ದಿ ಕಮಿಟ್ ಮಾಡಿ ಅದರ ದಾಖಲೆಗೆ ಸೇರಿಸಿಬಿಟ್ಟೆ. ಗಿಟ್ ತುಟಿಪಿಟಿಕ್ಕೆನ್ನಲಿಲ್ಲ. ಅಮ್ಮ ಮಾತ್ರ ಸೌಟು ಹಿಡಿದೇ ಬಂದಳು. "ನನ್ನ ಹೆಸ್ರಲ್ಲಿ ಏನೋ ಮಾಡ್ದೆ? ಪೊಲೀಸ್ನೋರು ಬಂದ್ರೆ ನಾನು ಹೋಗ್ಲಾ?" ನೀನು ಬಿದ್ದು ಬಿದ್ದು ನಕ್ಕೆ. "ಅದಕ್ಕೇ ಅಮ್ಮಾ ಸಹಿ ಇರೋದು. ಹೆಸ್ರು ಯಾರು ಬೇಕಾದ್ರೂ ಬರೀಬೋದು. ಸಹಿಗೆ ನನ್ನ ಕೀ ಬೇಕು, ಈ ಕಂಪ್ಯೂಟರಲ್ಲಿರೋ ಗುಟ್ಟಿನ ಫೈಲು. ಕೀ ತೆಗೆಯೋಕೆ ನನ್ನ ತಲೇಲಿರೋ ಪಾಸ್‌ವರ್ಡ್ ಬೇಕು." ತಂತ್ರಾಂಶದ ಪ್ರತಿ ಬಿಡುಗಡೆಗೂ ನೀನು ಹಾಗೇ ಸಹಿ ಹಾಕುತ್ತಿದ್ದೆ.

ಜ್ವರ ಅಂತ ಆಸ್ಪತ್ರೆಗೆ ಹೊರಟು ಆಟೋ ಹತ್ತುವಾಗ, "ಒತ್ತಕ್ಷರದ ಪಾಠ ಬಾಕಿ ಇದೆ, ಹಾಗೇ ಇರ್ಲಿ, ಬಂದು ಮುಗಿಸ್ತೀನಿ" ಅಂದೆಯಲ್ಲ. ಬಂದಿದ್ದರೆ...

ಕೆಲವು ತಿಂಗಳ ಮೇಲೆ ಆ ಪಾಠ ಮುಗಿಸಲು ನಾನೇ ಕೂತೆ. ವಿಜಯನಗರದಿಂದ ಕಾಲೇಜು ಮುಗಿಸಿ ಬಂದವಳು ಮುಖ ತೊಳೆದು ನೇರ ಇಲ್ಲಿಗೇ. ಗಿಟ್‌ನಲ್ಲಿ ನೀನು ಕೊಟ್ಟಿದ್ದ ನಿನ್ನ ಹೆಸರು ಹಾಗೇ ಇತ್ತಲ್ಲ, ನಾನು ಮಾಡಿದ ಪ್ರತಿ ಬದಲಾವಣೆಯ ಪಕ್ಕದಲ್ಲೂ ನಿನ್ನ ಹೆಸರೇ ಬರುತ್ತಿತ್ತು. ಬದಲಾಯಿಸುವುದು ಒಂದೇ ಸಾಲಿನ ಕೆಲಸ. ಬದಲಾಯಿಸಲಿಲ್ಲ. ಪರದೆಯ ಮೇಲೆ ನಿನ್ನ ಹೆಸರು, ಪಕ್ಕದಲ್ಲಿ ಇವತ್ತಿನ ತಾರೀಖು. ಹಾಗಿರುವಾಗ ಯಾರಿಗೆ ಕೈ ಬಂದೀತು ಹೇಳು? ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡುತ್ತಿದ್ದಳು. "ಇವತ್ತೂ ಮಾಡಿದಾನಾ?" ಎನ್ನುತ್ತಿದ್ದಳು. ನಾನೂ "ಹೂಂ, ಮಾಡಿದಾನೆ" ಎನ್ನುತ್ತಿದ್ದೆ.

ನಿನ್ನೆ ಪಾಠಗಳೆಲ್ಲ ಮುಗಿದವು. ಬಿಡುಗಡೆಗೆ ಸಹಿ ಹಾಕಲು ಹೋದರೆ ಕಂಪ್ಯೂಟರ್ ನಿನ್ನ ಪಾಸ್‌ವರ್ಡ್ ಕೇಳಿತು. ನೀನು ನನ್ನನ್ನು ರೇಗಿಸುತ್ತಿದ್ದ ಅಡ್ಡಹೆಸರು ಹಾಕಿದೆ. ಆಗಲಿಲ್ಲ. "ಮನೆದೇವ್ರ ಹೆಸ್ರು ಹಾಕಿ ನೋಡೇ" ಎಂದಳು ಅಮ್ಮ. ಅದೂ ಅಲ್ಲ. ಮತ್ತೆ ಬೆರಳಿಡಲು ಹೋದಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಬಿಡು ಶಾಲು. ಅದು ಅವನ್ದು." ಆಸ್ಪತ್ರೆಯಲ್ಲೂ ಅಳದಿದ್ದ ನಾನು ಆಗ ಅತ್ತುಬಿಟ್ಟೆ ಅಣ್ಣಾ. ನೀನು ಇನ್ನು ಬರುವುದಿಲ್ಲ ಎಂದು ನನಗೆ ಅಲ್ಲಿಯವರೆಗೂ ಯಾರೂ ಅಷ್ಟು ನೇರವಾಗಿ ಹೇಳಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿದು ನೀನು ಕಲಿಸಿದ ಕ್ರಮದಲ್ಲೇ ಎಲ್ಲ ಮಾಡಿದೆ. ನನ್ನ ಹೆಸರು, ನನ್ನ ಇಮೇಲ್, ಆಮೇಲೆ ನನ್ನದೇ ಕೀ. "ಇನಿಷಿಯಲ್ ಅವನ ಥರಾನೇ ಹಾಕು" ಎಂದಳು ಅಮ್ಮ. ಪಾಸ್‌ವರ್ಡ್ ಹಾಕುವಾಗ ಆ ಕಡೆ ತಿರುಗು ಅಂದಿದ್ದಕ್ಕೆ, "ನಿಮ್ಮಣ್ಣನ ತಂಗೀನೇ ನೀನು" ಎಂದು ಗೊಣಗಿ ತಿರುಗಿದಳು. ನಿನ್ನ ತಂತ್ರಾಂಶ ಬಿಡುಗಡೆಯಾಯಿತು ಕಣೋ, ನನ್ನ ಸಹಿಯಲ್ಲಿ. ನಿನ್ನ ಹೆಸರಿನಲ್ಲಿರುವ ಹಳೆಯದನ್ನು ಯಾವುದನ್ನೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅಮ್ಮನ ಹೆಸರಿನ ಆ ಒಂದು ಕಮಿಟ್ ಕೂಡ ಅಲ್ಲೇ ಇರುತ್ತದೆ.

ಆಮೇಲೆ ನೀನು ಕೊನೆಯದಾಗಿ ಹಾಕಿದ ಸಹಿಯನ್ನು ಪರೀಕ್ಷಿಸಿ ನೋಡಿದೆ. 'ಗುಡ್ ಸಿಗ್ನೇಚರ್', ಅಂದರೆ ಸಹಿ ಅಸಲಿ, ಎಂದು ಬಂತು, ಜೊತೆಗೆ ನಿನ್ನ ಪೂರ್ತಿ ಹೆಸರು. ಅಮ್ಮನಿಗೆ ಓದಿ ಹೇಳಿದೆ.

"ಈಗ್ಲೂ ಹಾಗೇ ಅನ್ನುತ್ತಾ?"

"ಹೂಂ ಅಮ್ಮ. ಯಾವಾಗ ಕೇಳಿದ್ರೂ ಹಾಗೇ ಅನ್ನುತ್ತೆ."

ಅಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು. "ಹಾಗಾದ್ರೆ ಇನ್ನೊಂದ್ಸಲ ಕೇಳು."

ನಿನ್ನ ತಂಗಿ,
ಶಾಲು
ಬಸವೇಶ್ವರನಗರ